ಬಂಡೆಯ ಮೇಲಿನ ಸಂಘ, ಬಯಲಿನ ದಾಸೋಹ

ಬನದ ಹುಣ್ಣಿಮೆ ಕಳೆದ ಎರಡನೆಯ ದಿನ, ಪುಷ್ಯ ಬಹುಳ ಬಿದಿಗೆಯ ಇಳಿಹೊತ್ತು. ಕೊಪ್ಪಳದ ಗವಿಮಠದ ಬಯಲಿನಲ್ಲಿ ಅಂದು ನೆಲ ಕಾಣುವುದಿಲ್ಲ. ಕಣ್ಣು ಹಾಯುವಷ್ಟು ದೂರ ರುಮಾಲು, ಟೋಪಿ, ಸೆರಗು, ತಂದೆಯರ ಹೆಗಲೇರಿದ ಮಕ್ಕಳು. ತೇರಿನ ಹಗ್ಗಕ್ಕೆ ಕೈ ಹತ್ತಿದ ಕ್ಷಣ ಏಳುವ ಜಯಘೋಷ ಹಿಂದಿನ ಗುಡ್ಡದ ಬಂಡೆಗಳಿಗೆ ಬಡಿದು ಮರಳುತ್ತದೆ. ಉತ್ತತ್ತಿ, ಬಾಳೆಹಣ್ಣು ಕಳಸದತ್ತ ಹಾರುತ್ತವೆ. ಲಕ್ಷಾಂತರ ಜನರ ಈ ಮಹಾರಥೋತ್ಸವವನ್ನು ದಕ್ಷಿಣದ ಕುಂಭಮೇಳವೆಂದು ಕರೆಯುವ ರೂಢಿ ಈಗ ನೆಲೆಯೂರಿದೆ. ಆದರೆ ಜಾತ್ರೆಯ ನಿಜವಾದ ವಿಸ್ಮಯ ತೇರಿಗಿಂತ ಆಚೆ, ದಾಸೋಹದ ಅಂಗಳದಲ್ಲಿದೆ. ಯಲಬುರ್ಗಾ, ಕುಷ್ಟಗಿ, ಗಂಗಾವತಿ ಸೀಮೆಯ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ, ಚಕ್ಕಡಿಗಳಲ್ಲಿ ಬಂದಿಳಿದ ಜೋಳದ ರೊಟ್ಟಿಗಳು ಅಲ್ಲಿ ಗೋಡೆಯಂತೆ ಪೇರಿಸಲ್ಪಟ್ಟಿರುತ್ತವೆ. ಮಾದಲಿ, ಕಾಳುಪಲ್ಲೆ, ಅನ್ನ, ಸಾರು. ಒಂದು ದಿನ ಬಿಸಿ ಬಿಸಿ ಮಿರ್ಚಿ. ಪಂಕ್ತಿ ಮುರಿಯದೆ ದಿನಗಟ್ಟಲೆ ನಡೆಯುವ ಈ ಭೋಜನಕ್ಕೆ ಚೀಟಿಯಿಲ್ಲ, ಹೆಸರು ಕೇಳುವವರಿಲ್ಲ.

ಇದೇ ಗುಡ್ಡದ ಮೇಲೆ, ಕೊಡೆಯಂತೆ ಮುಂಚಾಚಿದ ಬಂಡೆಯೊಂದರ ನೆರಳಿನಲ್ಲಿ, ಇನ್ನೊಂದು ವಿಸ್ಮಯ ಮೌನವಾಗಿ ಕುಳಿತಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ, ಮೌರ್ಯ ಚಕ್ರವರ್ತಿ ಅಶೋಕನ ಮಾತು. ೧೯೩೧ರಲ್ಲಿ ಈ ಶಾಸನ ವಿದ್ವಲ್ಲೋಕದ ಗಮನಕ್ಕೆ ಬಂದಿತು. ಸಮೀಪದ ಪಲ್ಕಿಗುಂಡಿನಲ್ಲಿ, ಪಲ್ಲಕ್ಕಿಯ ಆಕಾರದಲ್ಲಿ ಒಂದರ ಮೇಲೊಂದು ಕುಳಿತ ಬೃಹತ್ ಬಂಡೆಗಳ ನಡುವೆ ಇದರ ಮತ್ತೊಂದು ಪ್ರತಿಯೂ ಸಿಕ್ಕಿತು. ಶಾಸನದಲ್ಲಿ ಸಾಮ್ರಾಟ ತನ್ನ ವಿಜಯಗಳನ್ನು ಹೊಗಳಿಕೊಂಡಿಲ್ಲ. ಬದಲಿಗೆ ಅತ್ಯಂತ ಆತ್ಮೀಯವಾದ ಒಂದು ಸಂಗತಿಯನ್ನು ಒಪ್ಪಿಕೊಂಡಿದ್ದಾನೆ: ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಗಿತ್ತು, ಆದರೂ ಸಾಧನೆಯಲ್ಲಿ ತೀವ್ರತೆ ಇರಲಿಲ್ಲ, ಸಂಘವನ್ನು ಸಮೀಪಿಸಿ ವರ್ಷ ಕಳೆದ ಮೇಲೆಯೇ ಆ ತೀವ್ರತೆ ಒದಗಿತು. ದೊಡ್ಡವರಿಗೆ ಮಾತ್ರವಲ್ಲ, ಸಾಮಾನ್ಯರಿಗೂ ಸ್ವರ್ಗ ಸಾಧ್ಯವೆಂದು ಅವನು ಮುಂದುವರಿಸುತ್ತಾನೆ. ಭರತಖಂಡದ ಬಹುಭಾಗವನ್ನು ಆಳುತ್ತಿದ್ದವನಿಗೂ ಒಂಟಿ ಶ್ರದ್ಧೆ ಸಾಲಲಿಲ್ಲ. ಜೊತೆಗೂಡಿ ನಡೆಯುವ ಒಂದು ಗುಂಪು, ಒಂದು ಶಿಸ್ತು ಅವನಿಗೂ ಬೇಕಾಯಿತು.

ಅಂತರಂಗದ ವಿಷಯವಾದ ಧರ್ಮಕ್ಕೆ ಸಂಘ, ಮಠ, ಸಭೆ, ಪೀಠ, ಪರಂಪರೆಗಳ ಈ ಕಟ್ಟಡ ಏಕೆ ಬೇಕು? ಲೋಕದ ಜ್ಞಾನವೆಲ್ಲ ಅಂಗೈಯ ಮೊಬೈಲಿಗೆ ಇಳಿದ ಕಾಲದಲ್ಲೂ ಅದು ಏಕೆ ಕುಸಿದಿಲ್ಲ? ಯೂರೋಪಿನ ಚರ್ಚುಗಳು ಬರಿದಾಗುತ್ತಿವೆಯೆಂಬ ಸುದ್ದಿ ಬರುತ್ತಿರುವಾಗ ಕ್ರೈಸ್ತಧರ್ಮದ ಭವಿಷ್ಯವೇನು? ಗ್ರಂಥಾಲಯಗಳಲ್ಲಿ ಚರ್ಚಿತವಾಗುವ ಈ ಪ್ರಶ್ನೆಗಳನ್ನು ಕೊಪ್ಪಳ ಸೀಮೆ ತನ್ನ ನೆಲದ ಮೇಲೆಯೇ ಎರಡು ಸಾವಿರ ವರ್ಷಗಳಿಂದ ಪರೀಕ್ಷಿಸುತ್ತ ಬಂದಿದೆ. ಇಲ್ಲಿ ಧರ್ಮಗಳು ಬಂದಿವೆ, ಮೆರೆದಿವೆ, ಕೆಲವು ಕಲ್ಲಾಗಿವೆ, ಕೆಲವು ಇಂದಿಗೂ ಉಸಿರಾಡುತ್ತಿವೆ. ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ನಾಲ್ಕು ತಾಲ್ಲೂಕುಗಳೊಂದಿಗೆ ರೂಪುಗೊಂಡ ಈ ಜಿಲ್ಲೆ ಆಡಳಿತದ ದೃಷ್ಟಿಯಿಂದ ಎಳೆಯದು. ಧರ್ಮೇತಿಹಾಸದ ದೃಷ್ಟಿಯಿಂದ ಕರ್ನಾಟಕದ ಅತಿ ಹಿರಿಯ ಸಾಕ್ಷಿಗಳಲ್ಲೊಂದು.

ಅಳಿದುಹೋದ ವೈಭವದ ಕಥೆಯನ್ನು ಮೊದಲು ಹೇಳಬೇಕು, ಏಕೆಂದರೆ ಅದರ ಪ್ರಮಾಣ ಬೆರಗು ಹುಟ್ಟಿಸುವಂಥದ್ದು. ಕೊಪ್ಪಳದ ಪ್ರಾಚೀನ ನಾಮ ಕೊಪಣ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸಲು ಹೆಸರಿಸಿದ ನಾಲ್ಕು ಊರುಗಳಲ್ಲಿ ಇದೂ ಒಂದು. ಜೈನರಿಗಂತೂ ಇದು ಮಹಾತೀರ್ಥ, ಆದಿತೀರ್ಥ. ಇಲ್ಲಿ ೭೭೨ ಬಸದಿಗಳಿದ್ದವೆಂಬುದು ಪ್ರತೀತಿ. ೮೮೧ರ ಶಾಸನವೊಂದು ಸರ್ವನಂದಿ ಭಟಾರರೆಂಬ ಮುನಿಯನ್ನು ಸ್ಮರಿಸುತ್ತದೆ. ಕುಂದಕುಂದಾನ್ವಯದ ಈ ಯತಿ ಇಲ್ಲಿಗೆ ಬಂದು ನೆಲೆಸಿ, ಊರವರಿಗೆ ಉಪದೇಶ ನೀಡುತ್ತ, ದೀರ್ಘ ತಪಸ್ಸಿನ ಬಳಿಕ ಸನ್ಯಸನದಿಂದ ದೇಹ ಬಿಟ್ಟರು. ಪಲ್ಕಿಗುಂಡಿನ ಬೆಟ್ಟದ ಮೇಲೆ ಎರಡು ಪಾದಗಳ ಕೆತ್ತನೆಯಿದೆ. ‘ವರಾಂಗಚರಿತ’ವೆಂಬ ಸಂಸ್ಕೃತ ಮಹಾಕಾವ್ಯವನ್ನು ರಚಿಸಿದ ಜಟಾಸಿಂಹನಂದಿ ಆಚಾರ್ಯರ ಪಾದಗಳವು, ಚಾವಯ್ಯನೆಂಬಾತ ಮಾಡಿಸಿದನೆಂದು ಪಕ್ಕದ ಹಳಗನ್ನಡ ಬರಹ ಹೇಳುತ್ತದೆ. ಹತ್ತನೆಯ ಶತಮಾನದ ಕೊನೆಯಲ್ಲಿ ರನ್ನ ತನ್ನ ‘ಅಜಿತಪುರಾಣ’ದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಪಾವಿತ್ರ್ಯಕ್ಕೆ ಹೋಲಿಕೆ ಹುಡುಕುವಾಗ ಕೊಪಣದ ಬೆಟ್ಟ ನೆನಪಾಗುವಷ್ಟು ಈ ಸ್ಥಳದ ಮಹಿಮೆ ಮನೆಮಾತಾಗಿತ್ತು. ಹನ್ನೆರಡನೆಯ ಶತಮಾನದಲ್ಲಿಯೂ ಹೊಯ್ಸಳರ ಭಂಡಾರಿ ಹುಳ್ಳರಾಜ ಇಲ್ಲಿಯ ಮುನಿಸಂಘಕ್ಕಾಗಿ ಭೂಮಿಯ ವ್ಯವಸ್ಥೆ ಮಾಡಿದ.

ಅಂಥ ಕೊಪಣ ಮುಂದೇನಾಯಿತು? ಒಂದು ಆಕ್ರಮಣ, ಒಂದು ಬೆಂಕಿ, ಒಂದು ರಾತ್ರಿಯಲ್ಲಿ ಅದು ಅಳಿಯಲಿಲ್ಲ. ಬಸದಿಗಳ ದೀಪಕ್ಕೆ ಎಣ್ಣೆ ಬರುತ್ತಿದ್ದುದು ಗಂಗ, ರಾಷ್ಟ್ರಕೂಟ ಅರಸರ ಮತ್ತು ಸಾಮಂತರ ದತ್ತಿಯಿಂದ, ಸೆಟ್ಟಿಗಳ ಕಾಣಿಕೆಯಿಂದ. ರಾಜವಂಶಗಳು ಉರುಳಿದವು. ವರ್ತಕರ, ಒಕ್ಕಲಿಗರ, ಕುಶಲಕರ್ಮಿಗಳ ಒಲವು ಹನ್ನೆರಡನೆಯ ಶತಮಾನದ ಶರಣ ಚಳವಳಿಯತ್ತ, ಶೈವದತ್ತ ಹರಿಯಿತು. ಮುನಿಗಳಿಗೆ ಆಹಾರದಾನ ಮಾಡುತ್ತಿದ್ದ ಶ್ರಾವಕರ ಮನೆಗಳು ಕಡಿಮೆಯಾದಂತೆ ಮುನಿಗಳ ವಿಹಾರವೂ ನಿಂತಿತು. ತತ್ತ್ವ ಸೋತಿತೆನ್ನಲಾಗದು. ಅದೇ ತತ್ತ್ವ, ಅದೇ ದಿಗಂಬರ ಪರಂಪರೆ ಶ್ರವಣಬೆಳಗೊಳದಲ್ಲಿ ಇಂದಿಗೂ ಸಜೀವವಾಗಿದೆ. ಚಾವುಂಡರಾಯ ಹತ್ತನೆಯ ಶತಮಾನದಲ್ಲಿ ನಿಲ್ಲಿಸಿದ ಬಾಹುಬಲಿಯ ಎದುರು ಒಂದು ಮಠ ಉಳಿಯಿತು, ಗುರುಪರಂಪರೆ ಮುಂದುವರಿಯಿತು, ಹನ್ನೆರಡು ವರ್ಷಕ್ಕೊಮ್ಮೆ ಎಲ್ಲ ದಿಕ್ಕಿನ ಜೈನರನ್ನೂ ಒಂದೆಡೆ ಸೇರಿಸುವ ಮಹಾಮಸ್ತಕಾಭಿಷೇಕವಿತ್ತು. ೨೦೧೮ರಲ್ಲಿ ಅದು ಜಗತ್ತಿನ ಕಣ್ಣು ಸೆಳೆಯಿತು. ಕೊಪಣಕ್ಕೆ ಬೆಟ್ಟವಿತ್ತು, ಪಾದಗಳಿದ್ದವು, ಕೀರ್ತಿಯಿತ್ತು. ಮತ್ತೆ ಮತ್ತೆ ಬಂದು ಕೂಡುವ ಜನಸಮುದಾಯ ಕೈತಪ್ಪಿತು.

ಯಲಬುರ್ಗಾ ಸೀಮೆಯ ಇಟಗಿಯಲ್ಲೂ ಇದೇ ಪಾಠದ ಇನ್ನೊಂದು ಪುಟವಿದೆ. ಚಾಲುಕ್ಯ ಅರಸ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ೧೧೧೨ರಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿಯ ಶಾಸನ ದೇವಾಲಯಗಳ ಚಕ್ರವರ್ತಿಯೆಂದೇ ಹೊಗಳುತ್ತದೆ, ಆ ಹೊಗಳಿಕೆ ಕಿಂಚಿತ್ತೂ ಅತಿಯಲ್ಲ. ಅಂಥ ಶಿವಾಲಯಗಳು ತಲೆಯೆತ್ತಿದ ಚಾಲುಕ್ಯರ ಕಾಲದಲ್ಲಿ ನಾಡಿನ ಉದ್ದಗಲಕ್ಕೂ ಮಠಗಳ ಜಾಲ ಹರಡಿದ್ದ ಕಾಳಾಮುಖ ಯತಿಗಳು ಈಗೆಲ್ಲಿ? ಅವರ ಅನೇಕ ಮಠಗಳು ವೀರಶೈವ ಪರಂಪರೆಯಲ್ಲಿ ಕರಗಿದವೆಂಬುದು ವಿದ್ವಾಂಸರ ಅಭಿಪ್ರಾಯ. ಹೆಸರು ಅಳಿಯಿತು, ವಿದ್ಯೆ ಮತ್ತು ಅನ್ನ ನೀಡುವ ಮಠವೆಂಬ ವ್ಯವಸ್ಥೆ ಇನ್ನೊಂದು ಹೆಸರಿನಲ್ಲಿ ಬದುಕಿತು. ಸಂಘಟಿತ ಧರ್ಮದ ಚರಿತ್ರೆಯಲ್ಲಿ ಇಂಥ ಮರುಹುಟ್ಟುಗಳು ಅಪರೂಪವಲ್ಲ. ಬೌದ್ಧಸಂಘವನ್ನೇ ನೋಡಬಹುದು: ಭೀಮಾತೀರದ ಸನ್ನತಿ, ಕನಗನಹಳ್ಳಿಯ ಸ್ತೂಪಗಳು ಮಣ್ಣು ಸೇರಿದವು, ಆದರೆ ಟಿಬೆಟ್‌ನಿಂದ ಹೊರದಬ್ಬಲ್ಪಟ್ಟ ಭಿಕ್ಷುಗಳು ೧೯೬೦ರ ದಶಕದ ಕೊನೆಯಲ್ಲಿ ಇದೇ ಕರ್ನಾಟಕದ ಮುಂಡಗೋಡದಲ್ಲಿ ತಮ್ಮ ಮಹಾವಿಹಾರಗಳನ್ನು ಮರುಕಟ್ಟಿದರು. ಕಟ್ಟಡಗಳು ಹಿಂದೆ ಉಳಿದವು, ಸಂಘ ಬೆಟ್ಟ ದಾಟಿ ಬಂದಿತು.

ಈ ಹಿನ್ನೆಲೆಯಲ್ಲಿ ಗವಿಮಠದ ಜೀವಂತಿಕೆಯನ್ನು ನೋಡಿದಾಗ ಅದರ ಮಹತ್ತ್ವ ಸ್ಪಷ್ಟವಾಗುತ್ತದೆ. ಹನ್ನೊಂದನೆಯ ಪೀಠಾಧಿಪತಿಗಳಾಗಿದ್ದ ಗವಿಸಿದ್ಧೇಶ್ವರರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ಗುಡ್ಡದ ಗವಿಯಲ್ಲಿ ಸಮಾಧಿಸ್ಥರಾದರು. ಜಾತ್ರೆ ಅವರ ಸ್ಮರಣೆಯದು. ಇಂದಿನ ಪೀಠಾಧಿಪತಿ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಹದಿನೆಂಟನೆಯವರು. ನಿಜಾಮನ ಆಳ್ವಿಕೆಯಲ್ಲಿ ಶಾಲೆಗಳು ವಿರಳವಾಗಿದ್ದ ಈ ಬರದ ಸೀಮೆಯಲ್ಲಿ ಕನ್ನಡದ ಅಕ್ಷರ ಕಲಿಸಿದ್ದು ಬಹುಮಟ್ಟಿಗೆ ಮಠಗಳೇ. ಗವಿಮಠದ ಆಶ್ರಯದಲ್ಲಿ ಇಂದು ಶಾಲೆ, ಕಾಲೇಜು, ಆಯುರ್ವೇದ ವೈದ್ಯಕೀಯ ಮಹಾವಿದ್ಯಾಲಯಗಳಿವೆ. ಸಾವಿರಾರು ಬಡ ವಿದ್ಯಾರ್ಥಿಗಳಿಗೆ ಉಚಿತ ಊಟ, ವಸತಿ. ೨೦೨೨ರಲ್ಲಿ ಐದು ಸಾವಿರ ವಿದ್ಯಾರ್ಥಿಗಳಿಗೆ ಸಾಲುವ ವಸತಿ ನಿಲಯಕ್ಕೆ ಅಡಿಗಲ್ಲು ಬಿದ್ದಾಗ, ಮಕ್ಕಳ ಬಡತನವನ್ನು ನೆನೆದು ಸ್ವಾಮೀಜಿ ವೇದಿಕೆಯಲ್ಲೇ ಗದ್ಗದಿತರಾದರು. ಅದನ್ನು ಕಂಡ ನಾಡು ಮನಬಿಚ್ಚಿ ನೆರವು ನೀಡಿತು. ೨೦೧೯ರ ಬೇಸಿಗೆಯಲ್ಲಿ ಹೂಳು, ಕಸ, ಜಾಲಿ ತುಂಬಿ ಸತ್ತಂತಿದ್ದ ಹಿರೇಹಳ್ಳದ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರು ಪಾತ್ರವನ್ನು ಸ್ವಚ್ಛಗೊಳಿಸಲು ಕಾವಿ ತೊಟ್ಟವರೇ ಹಳ್ಳಕ್ಕಿಳಿದರು. ಅವರ ಹಿಂದೆ ಹಳ್ಳಿಗಳು ಇಳಿದವು. ೨೦೨೫ರ ಫೆಬ್ರವರಿಯಲ್ಲಿ ಊರಿನ ಮಗ್ಗುಲಿಗೆ ಬೃಹತ್ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬರಲಿದೆಯೆಂದಾಗ, ಗಾಳಿ ನೀರಿನ ಪ್ರಶ್ನೆಯನ್ನೆತ್ತಿ ಸಹಸ್ರಾರು ಜನರೊಂದಿಗೆ ಬೀದಿಗೆ ಬಂದದ್ದೂ ಇದೇ ಮಠ.

ಇಷ್ಟೆಲ್ಲ ಕೆಲಸ ಸರ್ಕಾರವೂ ಮಾಡಬಲ್ಲದು, ಮಾಡಬೇಕು ಕೂಡ. ಆದರೆ ರೊಟ್ಟಿಯ ಲೆಕ್ಕ ಬೇರೆ. ಜಾತ್ರೆಗೆ ವಾರಗಳ ಮುಂಚೆ ಹಳ್ಳಿಯ ಹೆಣ್ಣುಮಕ್ಕಳು ತಮ್ಮ ಮನೆಯ ಜೋಳ ಬೀಸಿಸಿ, ತಮ್ಮ ಒಲೆ ಹೊತ್ತಿಸಿ, ನೂರಾರು ಖಡಕ್ ರೊಟ್ಟಿ ಬಡಿದು ಕಟ್ಟಿಡುತ್ತಾರೆ. ಕೊಟ್ಟವರೇ ಮುಂದೆ ಬಂದು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ, ಉಂಡವರು ಎದ್ದು ಬಡಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಕೂಡಿಬಾಳುವ ಆದರ್ಶದಿಂದ ಸ್ಥಾಪಿತವಾದ ಇನ್ನೂರು ಸಮುದಾಯಗಳ ಆಯುಷ್ಯವನ್ನು ಮಾನವಶಾಸ್ತ್ರಜ್ಞ ರಿಚರ್ಡ್ ಸೋಸಿಸ್ ಅಭ್ಯಸಿಸಿದರು. ಕೇವಲ ವಿಚಾರದ ಮೇಲೆ ಕಟ್ಟಿದವು ಬೇಗ ಚದುರಿದ್ದವು, ಧರ್ಮದ ಮೇಲೆ ಕಟ್ಟಿದವು ಬಹುಕಾಲ ಬಾಳಿದ್ದವು. ಧಾರ್ಮಿಕ ಸಮುದಾಯಗಳಲ್ಲಿಯೂ ಸದಸ್ಯರಿಂದ ಹೆಚ್ಚು ತ್ಯಾಗ ಬೇಡಿದವುಗಳ ಬಾಳಿಕೆ ಹೆಚ್ಚಿತ್ತು. ಬೆವರು ಸುರಿಸಿ ಕೊಟ್ಟಿದ್ದು ನಮ್ಮದಾಗುತ್ತದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ ೧೯೧೨ರಲ್ಲಿಯೇ, ಜನ ಒಂದೆಡೆ ನೆರೆದಾಗ ಹುಟ್ಟುವ ಉತ್ಕರ್ಷವೇ ಧರ್ಮದ ಬೇರೆಂದು ವಾದಿಸಿದ್ದರು. ಪುಷ್ಯಮಾಸದ ಗವಿಮಠವನ್ನು ಅವರು ಕಂಡಿದ್ದರೆ ಅಲ್ಲಿಯ ಒಂದು ಸಂಜೆಯೇ ಅವರ ಗ್ರಂಥಕ್ಕೆ ಅಧ್ಯಾಯವಾಗುತ್ತಿತ್ತು.

ಸಂಘಟನೆಯ ಇನ್ನೊಂದು ಶಕ್ತಿ ಗಾಯ ಮಾಯಿಸುವ ವೇಗದಲ್ಲಿ ಕಾಣುತ್ತದೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿ ಮಾಧ್ವ ಯತಿಗಳ ಒಂಬತ್ತು ವೃಂದಾವನಗಳಿವೆ. ವಿಜಯನಗರದ ರಾಜಗುರು ವ್ಯಾಸರಾಜರ ವೃಂದಾವನ ನಡುವಿನದು. ೨೦೧೯ರ ಜುಲೈಯಲ್ಲಿ ನಿಧಿಯಾಸೆಯ ದುಷ್ಕರ್ಮಿಗಳು ರಾತ್ರೋರಾತ್ರಿ ಅದನ್ನು ಒಡೆದು ಹಾಕಿದರು. ಪೂಜಾಧಿಕಾರದ ವಿಷಯದಲ್ಲಿ ದೀರ್ಘಕಾಲದ ಭಿನ್ನಾಭಿಪ್ರಾಯವಿದ್ದ ಮಠಗಳವರೂ ಅಂದು ಧಾವಿಸಿ ಬಂದರು. ಚದುರಿದ ಕಲ್ಲುಗಳನ್ನು ಒಂದೊಂದಾಗಿ ಜೋಡಿಸಿ ತಡವಿಲ್ಲದೆ ವೃಂದಾವನವನ್ನು ಮತ್ತೆ ನಿಲ್ಲಿಸಲಾಯಿತು. ಕೊಪಣದ ಬಸದಿಗಳು ಬಿದ್ದಾಗ ಕಲ್ಲು ಎತ್ತಿಡಲು ಕೈಗಳಿರಲಿಲ್ಲ. ಇಲ್ಲಿದ್ದವು. ಅದೇ ದಂಡೆಯ ಅಂಜನಾದ್ರಿಯ ೫೭೫ ಮೆಟ್ಟಿಲುಗಳನ್ನು ಡಿಸೆಂಬರಿನಲ್ಲಿ ಹನುಮಮಾಲೆ ಧರಿಸಿ ಏರುವವರಲ್ಲಿ ತರುಣರದೇ ಬಹುಪಾಲು; ಧರ್ಮ ಮುಪ್ಪಿನವರ ಸಂಗಾತಿಯಷ್ಟೇ ಎನ್ನುವವರು ಒಮ್ಮೆ ಅಲ್ಲಿ ನಿಲ್ಲಬೇಕು. ಹಾಗೆಯೇ ಮೊಹರಮ್ಮಿನಲ್ಲಿ ಈ ಭಾಗದ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರನ್ನು, ರಿವಾಯತ್ ಪದ ಹಾಡುವವರನ್ನು ನೋಡಬೇಕು; ಮುಸ್ಲಿಮರ ಒಂದೇ ಒಂದು ಮನೆಯಿಲ್ಲದ ಊರಲ್ಲೂ ಅಲಾಯಿ ದೇವರು ಕೂರುತ್ತವೆ.

ಕುಷ್ಟಗಿಯಿಂದ ತಾವರಗೇರಾ ದಾಟಿ ಮುಂದೆ ಸಾಗಿದರೆ ಜಿಲ್ಲೆಯ ಗಡಿಯಾಚೆ ಮುದಗಲ್ಲು. ವಿಜಯನಗರ ಮತ್ತು ಬಹಮನಿ, ಆದಿಲಶಾಹಿ ಸುಲ್ತಾನರು ಶತಮಾನಗಟ್ಟಲೆ ಕಾದಾಡಿದ ಕೋಟೆಯಿದು. ಇಲ್ಲಿಯ ಮೊಹರಂ ನಾಡಿಗೆಲ್ಲ ಪ್ರಸಿದ್ಧ. ಆ ಕೋಟೆಯ ಹೊರಗೆ ಗೋವೆಯ ಕಡೆಯಿಂದ ಬಂದ ಜೆಸ್ವಿಟ್ ಪಾದ್ರಿಗಳು ಹದಿನಾರನೆಯ ಶತಮಾನದಲ್ಲಿ ಒಂದು ಕ್ರೈಸ್ತ ಸಮುದಾಯವನ್ನು ಕಟ್ಟಿದರು. ಚರ್ಚನ್ನು ೧೫೫೭ರದೆಂದು ಹೇಳುವುದು ವಾಡಿಕೆ. ಆ ಬಳಿಕ ಏನೆಲ್ಲ ಆಗಿಹೋಯಿತು! ೧೬೮೬ರಲ್ಲಿ ಬಿಜಾಪುರದ ಆದಿಲಶಾಹಿ ಅಳಿಯಿತು. ಮೊಗಲರು ಬಂದರು, ನಿಜಾಮರು ಬಂದರು. ೧೭೭೩ರಲ್ಲಿ ಸ್ವತಃ ಪೋಪರೇ ಜೆಸ್ವಿಟ್ ಸಂಘವನ್ನು ವಿಸರ್ಜಿಸಿದರು. ಅದು ಮರಳಿ ಜೀವ ತಳೆದದ್ದು ೧೮೧೪ರಲ್ಲಿ. ಆಶ್ರಯ ಕೊಟ್ಟ ಅರಸೊತ್ತಿಗೆಯೂ ಹೋಯಿತು, ನೆಟ್ಟು ಬೆಳೆಸಿದ ಸಂಘವೂ ಕೆಲಕಾಲ ಇಲ್ಲವಾಯಿತು. ಮುದಗಲ್ಲಿನ ಕ್ರೈಸ್ತರು ಉಳಿದರು, ಕನ್ನಡದ ಮಣ್ಣಿನಲ್ಲಿ, ಅಕ್ಕಪಕ್ಕದವರ ಹಬ್ಬಹುಣ್ಣಿಮೆಗಳ ನಡುವೆ. ಕೊಪ್ಪಳದ ಪಶ್ಚಿಮಕ್ಕಿರುವ ಗದಗ-ಬೆಟಗೇರಿಯಲ್ಲೂ ಇಂಥದೇ ನಿದರ್ಶನ. ೧೮೩೪ರಲ್ಲಿ ಮಂಗಳೂರಿಗೆ ಕಾಲಿಟ್ಟ ಬಾಸೆಲ್ ಮಿಷನ್ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳನ್ನು ತಲುಪಿತು. ಶಾಲೆ, ನೇಯ್ಗೆ, ಮುದ್ರಣ, ಕಿಟ್ಟೆಲರ ನಿಘಂಟು, ದವಾಖಾನೆ ಅದರ ಕೊಡುಗೆಗಳು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಸೆರೆಯಲ್ಲಿಟ್ಟರು, ಬಳಿಕ ದೇಶದಿಂದ ಕಳಿಸಿದರು. ಸಭೆಗಳು ಕನ್ನಡಿಗರ ಕೈಯಲ್ಲಿ ಮುಂದುವರಿದು, ೧೯೪೭ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯೊಳಗೆ ಕ್ರಮೇಣ ಬೆರೆತವು.

ಹಾಗಾದರೆ ಕ್ರೈಸ್ತಧರ್ಮ ಕ್ಷೀಣಿಸುತ್ತಿದೆಯೇ? ಅಂಕಿಗಳು ಎರಡು ಬಗೆಯ ಕಥೆ ಹೇಳುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ೨೦೧೧ರ ಜನಗಣತಿಯಲ್ಲಿ ಶೇಕಡ ೫೯.೩ರಷ್ಟು ಜನ ತಮ್ಮನ್ನು ಕ್ರೈಸ್ತರೆಂದು ಬರೆಸಿದ್ದರು. ೨೦೨೧ರಲ್ಲಿ ಆ ಪ್ರಮಾಣ ೪೬.೨ಕ್ಕೆ ಇಳಿಯಿತು. ಅಮೆರಿಕದಲ್ಲಿ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಗಳ ಪ್ರಕಾರ ೨೦೦೭ರಲ್ಲಿ ಶೇಕಡ ೭೮ರಷ್ಟಿದ್ದವರು ೨೦೨೩-೨೪ರ ಹೊತ್ತಿಗೆ ೬೨ರ ಆಸುಪಾಸು. ಅದೇ ವೇಳೆಗೆ ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾ ಯೂರೋಪನ್ನು ಹಿಂದಿಕ್ಕಿ ಜಗತ್ತಿನ ಕ್ರೈಸ್ತರಲ್ಲಿ ಹೆಚ್ಚಿನ ಪಾಲಿಗೆ ತವರಾಗಿದೆ. ಶತಮಾನದ ಹಿಂದೆ ಮೂರರಲ್ಲಿ ಎರಡು ಪಾಲು ಕ್ರೈಸ್ತರು ಯೂರೋಪಿನವರಾಗಿದ್ದರು. ಕರ್ನಾಟಕದಲ್ಲಿ ಕ್ರೈಸ್ತರ ಪ್ರಮಾಣ ೨೦೦೧ರಲ್ಲಿ ಶೇಕಡ ೧.೯೧, ೨೦೧೧ರಲ್ಲಿ ೧.೮೭. ನಮ್ಮಲ್ಲಿ ಉಬ್ಬರವೂ ಇಲ್ಲ, ಇಳಿತವೂ ಇಲ್ಲ. ಯೂರೋಪಿನಲ್ಲಿ ಬಡವರ ಊಟ, ಮಕ್ಕಳ ಶಾಲೆ, ರೋಗಿಗಳ ಶುಶ್ರೂಷೆ, ಮುಪ್ಪಿನ ಆಸರೆ ಒಂದೊಂದಾಗಿ ಸರ್ಕಾರದ ಹೊಣೆಯಾದವು. ಅದು ನಾಗರಿಕತೆಯ ಗೆಲುವು. ಆದರೆ ಅದರೊಂದಿಗೆ ಚರ್ಚಿನ ಬಾಗಿಲಿಗೆ ನಿತ್ಯ ಬರುವ ಕಾರಣಗಳೂ ಕಳಚಿದವು, ಉಳಿದದ್ದು ಭಾನುವಾರದ ಉಪದೇಶ. ಆಫ್ರಿಕಾದಲ್ಲಿ, ಮುದಗಲ್ಲಿನಲ್ಲಿ, ಕೊಪ್ಪಳದಲ್ಲಿ ಆ ಬಾಗಿಲು ಇನ್ನೂ ಅನ್ನದ, ಅಕ್ಷರದ, ದುಃಖದಲ್ಲಿ ಜೊತೆ ನಿಲ್ಲುವ ಬಾಗಿಲು. ಕ್ರೈಸ್ತಧರ್ಮ ಒಂದು ಖಂಡದಲ್ಲಿ ಕೊಪಣವಾಗಬಹುದು, ಇನ್ನೊಂದು ಖಂಡದಲ್ಲಿ ಬೆಳಗೊಳವಾಗುತ್ತದೆ. ಅದು ಲೋಕದಿಂದಲೇ ಮರೆಯಾದೀತೆಂಬ ಮಾತನ್ನು ಇತಿಹಾಸ ಸಮರ್ಥಿಸುವುದಿಲ್ಲ.

ಈ ವೈಭವದ ವರ್ಣನೆಯಲ್ಲಿ ಒಂದು ನೋವನ್ನು ಬದಿಗಿಡುವುದು ಅಪ್ರಾಮಾಣಿಕವಾದೀತು. ೨೦೨೧ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ, ದಲಿತ ಕುಟುಂಬದ ಎರಡು ವರ್ಷದ ಕಂದ ಹುಟ್ಟುಹಬ್ಬದ ದಿನ ಆಂಜನೇಯನ ಗುಡಿಯೊಳಗೆ ಓಡಿಹೋಯಿತು. ಹೊರಗೆ ಮಳೆ. ಗುಡಿಯ ಶುದ್ಧಿಗೆಂದು ಆ ಬಡ ತಂದೆಗೆ ೨೫,೦೦೦ ರೂಪಾಯಿ ದಂಡ ವಿಧಿಸಲಾಯಿತು. ಪೊಲೀಸರೂ ಅಧಿಕಾರಿಗಳೂ ಮಧ್ಯೆ ಬಂದರು, ಬಂಧನಗಳಾದವು. ಹುಲಿಗಿಯ ಹುಲಿಗೆಮ್ಮನಿಗೆ ನಡೆದುಬರುವ ಲಕ್ಷಾಂತರ ಜನರ ಭಕ್ತಿ ನಿರ್ವ್ಯಾಜವಾದದ್ದು. ಅದೇ ಭಕ್ತಿಯ ಹೆಸರಿನಲ್ಲಿ ಈ ಭಾಗದಲ್ಲಿ ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿ ದೇವದಾಸಿಯರನ್ನಾಗಿಸಿದ ಪದ್ಧತಿಯನ್ನು ತಡೆಯಲು ೧೯೮೨ರ ಕಾನೂನು ಬೇಕಾಯಿತು. ಯಾವ ಬಂಧ ಜನರನ್ನು ಹತ್ತಿರ ತರುತ್ತದೋ ಅದೇ ಬಂಧ ಕೆಲವರನ್ನು ಹೊಸ್ತಿಲ ಹೊರಗೆ ನಿಲ್ಲಿಸಬಲ್ಲದು. ಹೊರಗೆ ನಿಂತವರು ಬೇರೊಂದು ಬಾಗಿಲು ಹುಡುಕಿದಾಗ, ಅದು ಚರ್ಚಿನದಾಗಲಿ, ೧೯೫೬ರಲ್ಲಿ ಅಂಬೇಡ್ಕರರು ತೆರೆದ ಬೌದ್ಧವಿಹಾರದ್ದಾಗಲಿ, ಅಚ್ಚರಿಪಡುವ ಹಕ್ಕು ನಮಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣರು ಈ ಹೊರಗಿಡುವಿಕೆಯ ಪ್ರಶ್ನೆಯನ್ನು ಎತ್ತಿದ್ದು ಕೊಪ್ಪಳದಿಂದ ಬಹುದೂರದಲ್ಲೇನೂ ಅಲ್ಲ. ಗವಿಮಠದ ಪಂಕ್ತಿಯಲ್ಲಿ ಹೆಸರು ಕೇಳದೆ ಎಲೆಗೆ ರೊಟ್ಟಿ ಬೀಳುತ್ತದೆ. ಆ ಪಂಕ್ತಿ ಮಿಯಾಪುರದಂಥ ಊರಿನ ಗುಡಿಯ ಕಟ್ಟೆಯವರೆಗೂ ಬೆಳೆಯಬೇಕಾಗಿದೆ.

ಪಲ್ಕಿಗುಂಡಿನ ನೆತ್ತಿಯಿಂದ ನೋಡಿದರೆ ಕೊಪ್ಪಳದ ಕೋಟೆ, ಕೆರೆ, ಗವಿಮಠದ ಗುಡ್ಡ, ಸುತ್ತಲಿನ ಎರೆಹೊಲಗಳು ಒಂದೇ ನೋಟದಲ್ಲಿ ಸಿಗುತ್ತವೆ. ಬೆಟ್ಟದ ಮೇಲೆ ಜಟಾಸಿಂಹನಂದಿಗಳ ಪಾದಗಳ ಮೇಲೆ ಬಿಸಿಲು ಬೀಳುತ್ತಿರುತ್ತದೆ. ಕೆಳಗೆ, ಹೊಲಗಳಾಚೆಯ ಹಳ್ಳಿಗಳಲ್ಲಿ, ಎಳ್ಳಮಾಸಿಯ ಚರಗ ಮುಗಿದ ವಾರದಿಂದಲೇ ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಅಜ್ಜಿ ಹಿಟ್ಟು ನಾದುತ್ತಾಳೆ, ಸೊಸೆ ಬಡಿಯುತ್ತಾಳೆ, ಶಾಲೆಗೆ ಹೊರಟ ಮೊಮ್ಮಗಳು ಒಣಗಿದ ರೊಟ್ಟಿಗಳನ್ನು ಎಣಿಸಿ ಹಳೆಯ ಸೀರೆಯಲ್ಲಿ ಕಟ್ಟಿಡುತ್ತಾಳೆ. ಗವಿಸಿದ್ಧಪ್ಪನ ಜಾತ್ರೆಗೆ ಹೊರಡುವ ಟ್ರ್ಯಾಕ್ಟರು ಊರ ಮುಂದಿನ ಕಟ್ಟೆಗೆ ಬರಲು ಇನ್ನೂ ಹತ್ತು ದಿನವಿದೆ.